ಅಪ್ಪನಿಗೆ ನಾನು ಒಯ್ದ ಉಪ್ಪು

ಹೋದ ವರ್ಷ ದೀಪಾವಳಿಗೆ ಊರಿಗೆ ಹೋಗುವಾಗ ಅಪ್ಪನಿಗೆ ಅಂಗಿ ಒಯ್ಯಲಿಲ್ಲ, ಸ್ವೀಟ್ ಡಬ್ಬಿಯನ್ನೂ ಒಯ್ಯಲಿಲ್ಲ. ಒಯ್ದದ್ದು ನಾಲ್ಕು ಪ್ಯಾಕೆಟ್ ಉಪ್ಪು. ಬೆಂಗಳೂರಿನಲ್ಲಿ ಆಫೀಸ್ ಮುಗಿಸಿ ಎರಡು ಸೂಪರ್ ಮಾರ್ಕೆಟ್ ಅಲೆದು ಹುಡುಕಿದ್ದೆ. ಪ್ಯಾಕೆಟ್ ಮೇಲೆ ‘ಕಡಿಮೆ ಸೋಡಿಯಂ’ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಮಾಮೂಲಿ ಉಪ್ಪಿಗಿಂತ ದುಬಾರಿ. ದುಬಾರಿ ಇದ್ದದ್ದು ಒಳ್ಳೇದೇ ಇರುತ್ತೆ ಅನ್ನೋ ಬೆಂಗಳೂರು ಬುದ್ಧಿ ನನ್ನದು.

ಬೆಳಗಿನ ಜಾವ ಬಸ್ಸು ಲಿಂಗಸುಗೂರು ದಾಟಿ ಕೃಷ್ಣಾ ನದಿಯ ಮೇಲಿನ ತಿಂಥಣಿ ಬ್ರಿಡ್ಜ್ ಹತ್ತಿದಾಗ ಯಾವಾಗಲೂ ನನಗೆ ತಾನಾಗಿಯೇ ಎಚ್ಚರವಾಗುತ್ತದೆ. ಆಚೆ ರಾಯಚೂರು ಜಿಲ್ಲೆ, ಈಚೆ ನಮ್ಮ ಯಾದಗಿರಿ ಜಿಲ್ಲೆ. ಆ ದಿನ ಬ್ಯಾಗ್ ಎತ್ತಿಕೊಳ್ಳುವಾಗ ಉಪ್ಪಿನ ಭಾರಕ್ಕೆ ಭುಜ ಜಗ್ಗಿತು. ಅಪ್ಪ ಬೈಕ್ ತಗೊಂಡು ಬಂದು ನಿಂತಿದ್ದ.

“ಏನ್ ಯವ್ವಾ, ಬೆಂಗಳೂರಿಂದ ಉಪ್ಪ ಹೊತ್ಕೊಂಡ್ ಬಂದೀಯಲ್ಲ! ನಮ್ಮೂರಾಗ ಉಪ್ಪ ಸಿಗಂಗಿಲ್ಲೇನು?” ಅಂತ ನಕ್ಕ.

“ಇದು ಬ್ಯಾರೇದಪ್ಪ. ನಿನ್ನ ಕಿಡ್ನಿಗೆ ಒಳ್ಳೇದು” ಅಂದೆ.

ಒಳ್ಳೇದಾಗಿರಲಿಲ್ಲ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೂ ನಾಲ್ಕೈದು ತಿಂಗಳ ಹಿಂದೆ, ಜೂನ್‌ನಲ್ಲಿ, ಅಪ್ಪನ ಬಲಗಣ್ಣಿಗೆ ಪೊರೆ ಬಂದಿದೆ ಅಂತ ಆಪರೇಷನ್‌ಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಬಿ.ಪಿ. ನೋಡಿದ ನರ್ಸಕ್ಕ ಇನ್ನೊಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು. 190/110. “ಕಣ್ಣಿಂದು ಆಮ್ಯಾಲೆ ನೋಡೋಣ, ಮೊದಲು ರಕ್ತ, ಮೂತ್ರ ಚೆಕ್ ಮಾಡಿಸ್ರಿ” ಅಂದರು. ರಕ್ತದ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ 3.4 ಅಂತಿತ್ತು. ಸ್ಕ್ಯಾನಿಂಗ್ ಮಾಡಿದವರು ಎರಡೂ ಕಿಡ್ನಿ ಕುಗ್ಗಿವೆ ಅಂತ ಬರೆದರು. ಕುಗ್ಗಿವೆ ಎಂದರೆ ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ, ವರ್ಷಗಳಿಂದ ನಡೆದಿದೆ ಎಂದರ್ಥ.

ನನಗೆ 3.4 ನೋಡಿ ಗಾಬರಿಯಾಗಲಿಲ್ಲ, ನಿಜ ಹೇಳ್ತೀನಿ. ಎಷ್ಟು ಸಣ್ಣ ಸಂಖ್ಯೆ! ಪಕ್ಕದಲ್ಲಿ ನಾರ್ಮಲ್ 1.3ರವರೆಗೆ ಅಂತಿತ್ತು. ಎರಡು ಹೆಚ್ಚಾಗಿದೆ ಅಷ್ಟೇ ತಾನೆ, ಗುಳಿಗೆ ತಗೊಂಡರೆ ಇಳಿಯುತ್ತೆ ಅಂದುಕೊಂಡೆ. ಆಮೇಲೆ ಕಿಡ್ನಿ ಡಾಕ್ಟರಮ್ಮ ಕಾಗದದ ಮೇಲೆ ಬರೆದು ತೋರಿಸಿದಾಗ ಕೈಕಾಲು ತಣ್ಣಗಾದವು.

ಕ್ರಿಯಾಟಿನಿನ್ ಅಂದರೆ ನಮ್ಮ ಸ್ನಾಯುಗಳಿಂದ ದಿನವೂ ಹುಟ್ಟುವ ಕಸ. ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ. ಸೋಸುವುದು ಕಡಿಮೆಯಾದಂತೆ ಕಸ ರಕ್ತದಲ್ಲಿ ಉಳಿಯುತ್ತದೆ. ಆದರೆ ಈ ಲೆಕ್ಕ ನೇರವಾಗಿಲ್ಲ. ಅಪ್ಪನ ವಯಸ್ಸಿನ, ಅಂದರೆ 58 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 1 ಇದ್ದರೆ ಸೋಸುವ ಶಕ್ತಿ ಸುಮಾರು 87. ಅದು 2 ಆದರೆ ಶಕ್ತಿ 38ಕ್ಕೆ ಇಳಿದಿರುತ್ತದೆ. ಬರೀ ಒಂದು ಅಂಕಿ ಏರಿದೆ, ಅರ್ಧಕ್ಕಿಂತ ಹೆಚ್ಚು ಕೆಲಸ ಹೋಗಿದೆ! ಈ ಸೋಸುವ ಶಕ್ತಿಯನ್ನು ‘ಇ-ಜಿ.ಎಫ್.ಆರ್.’ ಅಂತಾರೆ. 90 ದಾಟಿದ್ದರೆ ಚೆನ್ನ. 60ಕ್ಕಿಂತ ಕಡಿಮೆ ಮೂರು ತಿಂಗಳಿಗೂ ಮೇಲ್ಪಟ್ಟು ಇದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ. 30ರಿಂದ 15ರ ನಡುವೆ ನಾಲ್ಕನೇ ಹಂತ. 15ಕ್ಕಿಂತ ಕೆಳಗೆ ಐದನೇ ಹಂತ, ಕೊನೆಯದು. ಅಪ್ಪನದು 20.

“ಹಂಗಾರ ನೂರಕ್ಕ ಇಪ್ಪತ್ತು ಮಾರ್ಕ್ಸ್ ಬಂದಾವೇನ್ರಿ? ಫೇಲ್ ಆದಂಗಾಯ್ತು” ಅಂದ ಅಪ್ಪ.

“ಫೇಲ್ ಆಗಿಲ್ಲ ಕಾಕಾ. ಆ ಇಪ್ಪತ್ತು ಕಾಯ್ಕೊಳ್ಳೋದೇ ಈಗ ನಮ್ಮ ಕೆಲಸ” ಅಂದರು ಡಾಕ್ಟರಮ್ಮ.

ಹೇಗಾಯಿತು ಇದು? ಅಪ್ಪನಿಗೆ ಸಕ್ಕರೆ ಕಾಯಿಲೆ ಇಲ್ಲ. ಕುಡಿತ ಇಲ್ಲ. ಎರಡು ಕಾರಣ ಸಿಕ್ಕವು. ಒಂದು ಬಿ.ಪಿ. ಆರೇಳು ವರ್ಷದ ಹಿಂದೆ ಊರಿಗೆ ಬಂದಿದ್ದ ಒಂದು ಆರೋಗ್ಯ ಶಿಬಿರದಲ್ಲೇ ಬಿ.ಪಿ. ಇದೆ ಅಂತ ಹೇಳಿ ಗುಳಿಗೆ ಕೊಟ್ಟಿದ್ದರಂತೆ. ಎರಡು ತಿಂಗಳು ನುಂಗಿ, “ಆರಾಮ ಅದೀನಲ್ಲ, ಯಾಕ ಬೇಕು” ಅಂತ ಬಿಟ್ಟಿದ್ದ. ಬಿ.ಪಿ. ಹೆಚ್ಚಿದ್ದರೆ ಕಿಡ್ನಿಯ ಸಣ್ಣ ರಕ್ತನಾಳಗಳು ಹಾಳಾಗುತ್ತವೆ, ಕಿಡ್ನಿ ಹಾಳಾದರೆ ಬಿ.ಪಿ. ಇನ್ನೂ ಏರುತ್ತದೆ. ಒಂದಕ್ಕೊಂದು ಜಗ್ಗಾಡುತ್ತಾ ಎರಡೂ ಕೆಳಗೆ ಬೀಳುತ್ತವೆ.

ಎರಡನೇದು ಮೊಣಕಾಲು ನೋವಿನ ಗುಳಿಗೆ. ನಾರಾಯಣಪುರ ಡ್ಯಾಮಿನ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತ ಬಂತು. ಕೆಸರಿನಲ್ಲಿ ದಿನವಿಡೀ ನಿಂತು ಬಂದ ಅಪ್ಪ ರಾತ್ರಿ ಕಾಲು ಹಿಡಿದುಕೊಂಡು ಕೂರುತ್ತಿದ್ದ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಚೀಟಿ ಇಲ್ಲದೆಯೂ ಗುಳಿಗೆ ಸಿಗುತ್ತಿತ್ತು. ಬೆಳಗ್ಗೆ ಒಂದು ನುಂಗಿ ಹೊಲಕ್ಕೆ ಹೋದರೆ ಸಂಜೆವರೆಗೆ ನೋವಿಲ್ಲ. ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್ ತರಹದ ನೋವಿನ ಗುಳಿಗೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಮೇಲೆ ನಮ್ಮ ಯಾದಗಿರಿಯ ಬಿಸಿಲು. ಬೆವರಿ ಮೈಯ ನೀರು ಬತ್ತಿದಾಗ ಅದೇ ಗುಳಿಗೆ ಇನ್ನೂ ಹೆಚ್ಚು ಪೆಟ್ಟು ಕೊಡುತ್ತದೆ. ಅಪ್ಪ ವರ್ಷಗಟ್ಟಲೆ ದಿನಾ ಹೀಗೇ ಮಾಡಿದ್ದ.

ನಾವೆಲ್ಲ ಕೇಳಿದ ಪ್ರಶ್ನೆ: ಗೊತ್ತೇ ಆಗಲಿಲ್ಲವಲ್ಲ? ಕಿಡ್ನಿ ಹಾಗೇ. ಮುಕ್ಕಾಲು ಭಾಗ ಹೋಗುವವರೆಗೂ ಬಾಯಿ ಬಿಡುವುದಿಲ್ಲ. ಆಮೇಲೆ ಕೂತು ನೆನಪಿಸಿಕೊಂಡರೆ ಗುರುತುಗಳಿದ್ದವು. ರಾತ್ರಿ ಮೂರ್ನಾಲ್ಕು ಸಲ ಒಂದಕ್ಕೆ ಏಳುತ್ತಿದ್ದ. ಮೂತ್ರದಲ್ಲಿ ನೊರೆ ಬರುತ್ತಿತ್ತಂತೆ. ಸಂಜೆ ಚಪ್ಪಲಿ ಬಿಗಿಯಾಗುತ್ತಿತ್ತು. ನಾವು ವಯಸ್ಸಾಯ್ತು ಅಂದುಕೊಂಡೆವು.

ಊರಲ್ಲಿ ಕೆಲವರು ನೀರಿನಿಂದ ಆಗಿದೆ ಅಂದರು. ಆ ಮಾತನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ನಮ್ಮ ಸುರಪುರ ತಾಲ್ಲೂಕಿನದೇ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಕಡೆ ಸಕ್ಕರೆ ಕಾಯಿಲೆ, ಬಿ.ಪಿ. ಇಲ್ಲದ ರೈತರು, ಕೂಲಿಗಳಿಗೂ ಕಿಡ್ನಿ ಕಾಯಿಲೆ ಬರುತ್ತಿದೆ. ಡಾಕ್ಟರಮ್ಮನ್ನ ಕೇಳಿದೆ. “ನೀರು ಟೆಸ್ಟ್ ಮಾಡಿಸ್ರಿ, ಒಳ್ಳೇದೇ. ಆದ್ರ ನಿಮ್ಮಪ್ಪಾರಿಗೆ ಬಿ.ಪಿ. ಮತ್ತ ಈ ಗುಳಿಗಿ ಎರಡೇ ಸಾಕಾಗ್ಯಾವ” ಅಂದರು.

ಈಗ ಉಪ್ಪಿನ ಕಥೆಗೆ ಬರ್ತೀನಿ.

ಡಾಕ್ಟರಮ್ಮ ಉಪ್ಪು ಕಡಿಮೆ ಮಾಡಿ ಅಂದಿದ್ದರು. ದಿನಕ್ಕೆ ಎಲ್ಲಾ ಸೇರಿ ಒಂದು ಟೀ ಚಮಚ, ಅಂದರೆ 5 ಗ್ರಾಂ ಒಳಗೆ. ಎಳನೀರು, ಬಾಳೆಹಣ್ಣು ಬೇಡ, ಅವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ ಅಂತಲೂ ಹೇಳಿದ್ದರು. ನಾನು ಅರ್ಧ ಕೇಳಿಸಿಕೊಂಡು, ಉಳಿದರ್ಧ ಮೊಬೈಲಿನಲ್ಲಿ ಓದಿ ಆ ಉಪ್ಪು ಒಯ್ದೆ. ಅವ್ವ ಅದನ್ನೇ ಹಾಕಿ ಅಡುಗೆ ಮಾಡಿದಳು. ರುಚಿ ಸ್ವಲ್ಪ ಕಹಿ ಅನ್ನಿಸಿ ಅಪ್ಪ ಮೇಲೆ ಇನ್ನಷ್ಟು ಉದುರಿಸಿಕೊಂಡ. ಒಳ್ಳೇ ಉಪ್ಪಲ್ಲವಾ, ಎಷ್ಟು ತಿಂದರೂ ನಡೆಯುತ್ತೆ!

ನಾಲ್ಕು ವಾರಕ್ಕೆ ಮಾಮೂಲಿ ರಕ್ತಪರೀಕ್ಷೆಗೆ ಹೋದರು. ಮಧ್ಯಾಹ್ನ ತಮ್ಮ ಫೋನ್ ಮಾಡಿದ. “ಅಕ್ಕಾ, ಅಪ್ಪನ್ನ ಅಡ್ಮಿಟ್ ಮಾಡ್ಕೊಂಡಾರ. ಎದಿ ಪಟ್ಟಿ ತೆಗಿಲಾಕತ್ತಾರ.” ಪೊಟ್ಯಾಸಿಯಂ 6.4. ಇರಬೇಕಾದದ್ದು 3.5ರಿಂದ 5ರವರೆಗೆ. ಅದು ಹೀಗೆ ಏರಿದರೆ ಹೃದಯದ ಬಡಿತ ತಪ್ಪುತ್ತದೆ, ಯಾವ ಮುನ್ಸೂಚನೆಯೂ ಇಲ್ಲದೆ ನಿಂತೂ ಹೋಗಬಹುದು. ಇಂಜೆಕ್ಷನ್ ಕೊಟ್ಟು, ಗ್ಲೂಕೋಸ್ ಜೊತೆ ಇನ್ಸುಲಿನ್ ಹಚ್ಚಿ, ರಾತ್ರಿಯೆಲ್ಲ ಮಾನಿಟರ್ ಹಾಕಿ ಇಟ್ಟುಕೊಂಡರು.

ಡಾಕ್ಟರಮ್ಮ ಅವ್ವನಿಗೆ ಒಂದೊಂದೇ ಕೇಳಿದರಂತೆ. ಎಳನೀರು? ಇಲ್ರಿ. ಬಾಳೆಹಣ್ಣು? ಮುಟ್ಟಿಲ್ರಿ. ಟೊಮೆಟೊ? ಕಡಿಮಿ ಮಾಡೀನ್ರಿ. ಉಪ್ಪು? “ಉಪ್ಪ ಅಂತೂ ನಮ್ಮ ಮಗಳು ಬೆಂಗಳೂರಿಂದ ತಂದದ್ದು, ಚಲೋದೇ ಹಾಕ್ತೀನ್ರಿ” ಅಂದಿದ್ದಾಳೆ ಅವ್ವ, ಹೆಮ್ಮೆಯಿಂದ.

ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಹಾಕುವುದೇ ಪೊಟ್ಯಾಸಿಯಂ. ಕಿಡ್ನಿ ಚೆನ್ನಾಗಿರುವವರಿಗೆ ಅದು ತೊಂದರೆ ಮಾಡುವುದಿಲ್ಲ, ಬಿ.ಪಿ.ಗೆ ಒಳ್ಳೆಯದೇ. ಕಿಡ್ನಿ ಸೋತವರಿಗೆ ಅದನ್ನು ಹೊರಗೆ ಹಾಕಲು ಆಗುವುದಿಲ್ಲ. ಮೇಲಾಗಿ ಅಪ್ಪ ತಗೊಳ್ಳುತ್ತಿದ್ದ ಟೆಲ್ಮಿಸಾರ್ಟಾನ್ ಗುಳಿಗೆ ಕಿಡ್ನಿಯನ್ನು ಕಾಯುವಂಥದ್ದೇ ಆದರೂ ಪೊಟ್ಯಾಸಿಯಂ ಅನ್ನು ಸ್ವಲ್ಪ ಹಿಡಿದಿಡುತ್ತದೆ. ಎರಡೂ ಸೇರಿದವು. ಪ್ಯಾಕೆಟ್ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಬರೆದೇ ಇತ್ತು. ನಾನು ಮುಂಭಾಗ ಮಾತ್ರ ಓದಿದ್ದೆ.

ಆ ರಾತ್ರಿ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಬ್ರಿಡ್ಜ್ ಬಂದಾಗ ಎಚ್ಚರವಾಗುವ ಪ್ರಶ್ನೆಯೇ ಇರಲಿಲ್ಲ. ದವಾಖಾನೆಗೆ ಹೋದರೆ ಅಪ್ಪ ಎದ್ದು ಕೂತಿದ್ದ. ನಾನು ಅತ್ತೆ. “ಅಳಬ್ಯಾಡ ಯವ್ವಾ. ನೀ ತಂದಿದ್ದು ಪ್ರೀತಿಲೇ. ಆದ್ರ ಇನ್ನ ಮ್ಯಾಲ ಪ್ರೀತಿ ಮಾಡೋದ್ಕಿಂತ ಮೊದಲ ಡಾಕ್ಟರಿಗೆ ಕೇಳು” ಅಂದ. ಪಕ್ಕದ ಬೆಡ್ಡಿನವರೂ ನಕ್ಕರು.

ಅವತ್ತಿನಿಂದ ನಮ್ಮ ಮನೆಯ ಅಡುಗೆ ಬದಲಾಯಿತು. ಅವ್ವ ದಿನಾ ಬೆಳಗ್ಗೆ ಅಪ್ಪನ ಪಾಲಿನ ಒಂದು ಚಮಚ ಮಾಮೂಲಿ ಉಪ್ಪನ್ನು ಸಣ್ಣ ಬಟ್ಟಲಿಗೆ ಹಾಕಿ ಇಡುತ್ತಾಳೆ. ರಾತ್ರಿವರೆಗೆ ಅಷ್ಟರಲ್ಲೇ ಮುಗಿಸಬೇಕು. ಜೋಳದ ರೊಟ್ಟಿಗೆ ನಾವು ಹೇಗೂ ಉಪ್ಪು ಹಾಕುವುದಿಲ್ಲ, ಅದು ಪುಣ್ಯ. ಉಪ್ಪು ಅಡಗಿರುವುದು ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿ. ಅವು ಅಪ್ಪನ ತಾಟಿನಿಂದ ಹೋದವು. ಪಲ್ಯಕ್ಕೆ ತರಕಾರಿ ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ ಒಗ್ಗರಣೆ ಹಾಕಬೇಕು. ಪೊಟ್ಯಾಸಿಯಂ ನೀರಿನಲ್ಲಿ ಹೋಗುತ್ತದೆ. ಅವ್ವನಿಗೆ ಅತಿ ಕಷ್ಟವಾದದ್ದು ಇದೇ. ಬೇಯಿಸಿದ ನೀರು ಚೆಲ್ಲದೆ ಕಟ್ಟಿನ ಸಾರು ಮಾಡಿದ ಕೈ ಅದು. “ಸಾರ ಚೆಲ್ಲಿ ಸಪ್ಪಂದು ಉಣಸ್ಲಾಕತ್ತೀನಿ” ಅಂತ ಮೊದಮೊದಲು ಕಣ್ಣೀರು ಹಾಕುತ್ತಿದ್ದಳು. ಬೇಳೆಯನ್ನು ಪೂರ್ತಿ ಬಿಡಿಸಿಲ್ಲ, ಅಳತೆ ಹೇಳಿದ್ದಾರೆ. ಹೆದರಿ ಎಲ್ಲಾ ಬಿಟ್ಟರೆ ಮನುಷ್ಯ ಸೊರಗುತ್ತಾನೆ.

ಸಲಹೆಗಳೂ ಬಂದವು. ಯಾರೋ ಕಿಡ್ನಿ ಕ್ಲೀನ್ ಮಾಡುವ ಕಷಾಯ ಅಂದರು. ಯಾರೋ ದಿನಕ್ಕೆ ಐದು ಲೀಟರ್ ನೀರು ಕುಡಿಸಿ ಅಂದರು. ಕಿಡ್ನಿಯಲ್ಲಿ ಹರಳಾದವರಿಗೆ ಹೇಳುವ ಮಾತನ್ನು ನಮ್ಮ ಕಡೆ ಎಲ್ಲಾ ಕಿಡ್ನಿಗೂ ಹೇಳುತ್ತಾರೆ. ಹರಳು ಬೇರೆ, ಇದು ಬೇರೆ. ಕಾಲು ಬಾತವರಿಗೆ ಹೆಚ್ಚು ನೀರು ಎದೆಗೆ ಭಾರ. ಹಾಗಂತ ವಾಂತಿ ಭೇದಿ ಆಗಿ ನೀರು ಬತ್ತಿದರೂ ಅಪಾಯ. ಅಂಥ ದಿನ ಕೆಲವು ಬಿ.ಪಿ. ಗುಳಿಗೆಗಳನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು, ನಾವಾಗಿ ನಿಲ್ಲಿಸದೆ ಫೋನ್ ಮಾಡಿ ಕೇಳಬೇಕು.

ಎಲ್ಲಕ್ಕಿಂತ ದೊಡ್ಡ ಜಗಳ ಆದದ್ದು ಅಪ್ಪನ ಎಡಗೈ ಬಗ್ಗೆ. ಈ ವರ್ಷದ ಶುರುವಿಗೆ ಇ-ಜಿ.ಎಫ್.ಆರ್. 17ಕ್ಕೆ ಬಂತು. ಡಾಕ್ಟರಮ್ಮ “ಈಗಲೇ ಫಿಸ್ಟುಲಾ ಮಾಡಿಸೋಣ” ಅಂದರು. ಮುಂಗೈಯಲ್ಲಿ ಒಂದು ಸಣ್ಣ ಆಪರೇಷನ್ ಮಾಡಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುತ್ತಾರೆ. ಅದು ದಪ್ಪವಾಗಿ ಬಲಿಯಲು ಆರು ವಾರ, ಕೆಲವರಿಗೆ ಇನ್ನೂ ಹೆಚ್ಚು ದಿನ ಬೇಕು. ಮುಂದೆ ಡಯಾಲಿಸಿಸ್ ಬೇಕಾದಾಗ ಅಲ್ಲಿಂದಲೇ ರಕ್ತ ತೆಗೆದು, ಸೋಸಿ, ವಾಪಸ್ ಬಿಡುತ್ತಾರೆ.

ಅಪ್ಪ ಸಾರಾಸಗಟಾಗಿ ಒಲ್ಲೆ ಅಂದ. “ಮಷೀನಿಗೆ ಬಿದ್ದವರು ಯಾರೂ ಉಳಿದಿಲ್ಲ. ನಮ್ಮ ಓಣ್ಯಾಗೇ ನೋಡೀನಿ.”

ಅವನು ನೋಡಿದ್ದು ಸುಳ್ಳಲ್ಲ. ನಮ್ಮ ಓಣಿಯ ಒಬ್ಬರು ಉಸಿರು ಕಟ್ಟಿ, ಮೈಯೆಲ್ಲ ಬಾತ ಮೇಲೆ ದವಾಖಾನೆಗೆ ಹೋಗಿದ್ದರು. ಕುತ್ತಿಗೆಗೆ ನಳಿಗೆ ಹಾಕಿ ಅರ್ಜೆಂಟಾಗಿ ಡಯಾಲಿಸಿಸ್ ಮಾಡಿದ್ದರು. ಆ ನಳಿಗೆಯಲ್ಲಿ ಸೋಂಕಾಗಿ ತಿಂಗಳಲ್ಲಿ ತೀರಿಕೊಂಡರು. ಊರು ಹೇಳಿದ್ದು: ಮಷೀನು ಕೊಂದಿತು. ನಿಜ ಏನೆಂದರೆ ಅವರು ಬಹಳ ತಡವಾಗಿ ಹೋಗಿದ್ದರು. ನಮ್ಮ ಕಡೆಯವರು ಕೊನೆ ಗಳಿಗೆಗೇ ಹೋಗುತ್ತೇವೆ, ಆಮೇಲೆ ಕೊನೆಯಲ್ಲಿ ಕಂಡದ್ದನ್ನೇ ಕಾರಣ ಅಂತೇವೆ.

ಎರಡು ತಿಂಗಳು ಈ ವಾದ ನಡೆಯಿತು. ಕೊನೆಗೆ ಮನಸ್ಸು ಬದಲಿಸಿದ್ದು ನನ್ನ ಭಾಷಣ ಅಲ್ಲ. ರಕ್ತಪರೀಕ್ಷೆಗೆ ಹೋದಾಗ ಡಾಕ್ಟರಮ್ಮ ಅಪ್ಪನನ್ನು ಡಯಾಲಿಸಿಸ್ ವಾರ್ಡಿಗೆ ಕರೆದುಕೊಂಡು ಹೋಗಿ ಅರ್ಧ ತಾಸು ಕೂರಿಸಿದರು. ಅಲ್ಲಿ ಅಪ್ಪನ ವಯಸ್ಸಿನವರೇ ಒಬ್ಬರು, ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ತಾಸು, ಆರು ವರ್ಷದಿಂದ ಬರುತ್ತಿದ್ದಾರೆ. ಕಿರಾಣಿ ಅಂಗಡಿ ನಡೆಸುತ್ತಾರೆ. ಇಬ್ಬರೂ ತೊಗರಿ ರೇಟಿನ ಬಗ್ಗೆ ಮಾತಾಡಿದರಂತೆ. ಹೊರಗೆ ಬಂದು ಅಪ್ಪ ಕೇಳಿದ್ದು ಒಂದೇ: “ರೊಕ್ಕ ಎಷ್ಟಾಗ್ತದ?”

ಇದು ನಮ್ಮ ತರಹದ ಎಲ್ಲ ಮನೆಗಳ ಪ್ರಶ್ನೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಯಾದಗಿರಿ ಜಿಲ್ಲೆಯಾದದ್ದೇ 2009ರ ಕೊನೆಗೆ. ಅದಕ್ಕೂ ಮೊದಲು ಜಿಲ್ಲಾಸ್ಪತ್ರೆ ಅಂದರೆ ನಮಗೆ ಕಲಬುರಗಿ. ವಾರಕ್ಕೆ ಮೂರು ದಿನ ಕಲಬುರಗಿಗೆ ಹೋಗಿ ಬರುವವನು ಹೊಲ ಮಾಡುವುದು ಯಾವಾಗ? ಉಚಿತ ಎಂಬುದಕ್ಕಿಂತ ಹತ್ತಿರ ಎಂಬುದು ದೊಡ್ಡದು ಅಂತ ನನಗೆ ಅರ್ಥವಾದದ್ದು ಆಗ.

ಏಪ್ರಿಲ್‌ನಲ್ಲಿ ಅಪ್ಪನ ಎಡಗೈಗೆ ಫಿಸ್ಟುಲಾ ಆಯಿತು. ಈಗ ಆ ಕೈಗೆ ಯಾರೂ ಸೂಜಿ ಚುಚ್ಚುವಂತಿಲ್ಲ, ಬಿ.ಪಿ. ಪಟ್ಟಿ ಕಟ್ಟುವಂತಿಲ್ಲ, ಗಡಿಯಾರ ಬಲಗೈಗೆ ಹೋಗಿದೆ, ಭಾರದ ಚೀಲ ಎತ್ತುವಂತಿಲ್ಲ. ದಿನಾ ಬೆಳಗ್ಗೆ ಅಲ್ಲಿ ಬೆರಳಿಟ್ಟು ಗುಂಯ್‌ಗುಡುವುದನ್ನು ನೋಡಬೇಕು. ಒಂದು ದಿನ ನಿಂತರೂ ತಕ್ಷಣ ಹೋಗಬೇಕು. ಮೊದಲ ಸಲ ನಾನು ಕಿವಿ ಇಟ್ಟಾಗ ಒಳಗೆ ಕಾಲುವೆಗೆ ನೀರು ಬಿಟ್ಟ ಸದ್ದು. “ಹೊಲಕ್ಕ ನೀರ ಬಂದಂಗ ಅದ ಅಲ್ಲ?” ಅಂದ ಅಪ್ಪ. ಅವನಿಗೂ ಅದೇ ಅನ್ನಿಸಿತ್ತು.

ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಬಿ.ಪಿ. 130/80ರ ಆಸುಪಾಸಿನಲ್ಲಿದೆ, ನೋವಿನ ಗುಳಿಗೆ ಮನೆಯಲ್ಲೇ ಇಲ್ಲ, ಕಳೆದ ಮೂರು ಪರೀಕ್ಷೆಯಲ್ಲಿ 17, 16, 17. ಹೋದದ್ದು ವಾಪಸ್ ಬರುವುದಿಲ್ಲ. ಇರುವುದು ನಿಧಾನಕ್ಕೆ ಹೋಗಲಿ ಅಂತ ದಿನಾ ದುಡಿಯುತ್ತಿದ್ದೇವೆ.

ಇನ್ನೊಂದು ಮಾತು ಮನೆಯಲ್ಲಿ ಅರ್ಧಕ್ಕೇ ನಿಂತಿದೆ. ನನ್ನ ಕಿಡ್ನಿ ಕೊಡ್ತೀನಿ ಅಂದೆ. ಅವ್ವನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವಳು ಕೊಡುವಂತಿಲ್ಲ. ಅಪ್ಪ ಎದ್ದು ಹೊರಗೆ ಹೋದ. ಅವ್ವ ಹೇಳಿದಳು, “ಮದುವಿ ಆಗಬೇಕಾದ ಹುಡುಗಿ, ಆ ಮಾತ ಇನ್ನೊಮ್ಮೆ ಆಡಬ್ಯಾಡ.” ಕೊಟ್ಟವರು ಒಂದು ಕಿಡ್ನಿಯಲ್ಲಿ ಆರೋಗ್ಯವಾಗಿರಬಹುದು, ಮಕ್ಕಳೂ ಆಗುತ್ತವೆ ಅಂತ ಹೇಳಿದೆ. ಸರ್ಕಾರದ ಜೀವಸಾರ್ಥಕತೆ ಮೂಲಕ ಮರಣಾನಂತರ ದಾನವಾದ ಕಿಡ್ನಿಗೆ ಹೆಸರು ಬರೆಸುವ ಬಗ್ಗೆಯೂ ಹೇಳಿದೆ. ಸದ್ಯಕ್ಕೆ ಯಾರೂ ಮಾತಾಡುತ್ತಿಲ್ಲ. ಮೌನೇಶ್ವರನ ಊರಿನವರು ನಾವು, ಮೌನ ನಮಗೆ ಸುಲಭ.

ಆದರೆ ದಾನದ ಮಾತು ಬಂದಾಗ ಡಾಕ್ಟರಮ್ಮ ನನ್ನನ್ನೇ ಕೇಳಿದರು, “ನಿಂದು ಎಂದಾರ ಚೆಕ್ ಮಾಡಿಸೀಯೇನು?” 31 ವರ್ಷ, ಒಮ್ಮೆಯೂ ಇಲ್ಲ. ತಂದೆ ತಾಯಿಗೆ ಕಿಡ್ನಿ ಕಾಯಿಲೆ ಇದ್ದರೆ ಮಕ್ಕಳು ವರ್ಷಕ್ಕೊಮ್ಮೆ ಬಿ.ಪಿ., ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ನೋಡಿಸಬೇಕಂತೆ. ಮೂರೂ ದೊಡ್ಡ ಖರ್ಚಿನವಲ್ಲ. ಮೂತ್ರದ ಪರೀಕ್ಷೆ ಮುಖ್ಯ, ಯಾಕೆಂದರೆ ಕ್ರಿಯಾಟಿನಿನ್ ಏರುವ ಮೊದಲೇ ಅಲ್ಬುಮಿನ್ ಸೋರಲು ಶುರುವಾಗಿರಬಹುದು.

ಮಾಡಿಸಿದೆ. ಕ್ರಿಯಾಟಿನಿನ್ ಸರಿ ಇದೆ, ಅಲ್ಬುಮಿನ್ ಇಲ್ಲ. ಬಿ.ಪಿ. 138/90. ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್, ವಾರಕ್ಕೆ ನಾಲ್ಕು ದಿನ ಆರ್ಡರ್ ಮಾಡಿದ ಊಟ. ಬ್ಯಾಗಿನ ಸಣ್ಣ ಜೇಬಿನಲ್ಲಿ ಮುಟ್ಟಿನ ನೋವಿಗೆ, ತಲೆನೋವಿಗೆ ಅಂತ ಸದಾ ಇರುವ ಗುಳಿಗೆ ಸ್ಟ್ರಿಪ್. ಹೆಸರು ಓದಿದೆ. ಅಪ್ಪ ವರ್ಷಗಟ್ಟಲೆ ನುಂಗಿದ ಅದೇ ಗುಳಿಗೆ. ಅಪರೂಪಕ್ಕೆ ಒಂದೆರಡು ದಿನ ತಗೊಂಡರೆ ಆರೋಗ್ಯವಂತರಿಗೆ ಭಯವಿಲ್ಲ ಅಂದರು ಡಾಕ್ಟರಮ್ಮ. ನನ್ನದು ಅಪರೂಪ ಆಗಿರಲಿಲ್ಲ.

ಈ ಸಲ ಮೌನೇಶ್ವರನ ಜಾತ್ರೆಗೆ ಹೋಗಿದ್ದೆ. ಹಿಂದೂಗಳು, ಮುಸ್ಲಿಮರು ಇಬ್ಬರೂ ಬರುವ ಜಾತ್ರೆ, ಕಾಲಿಡಲು ಜಾಗ ಇರಲಿಲ್ಲ. ಮಿರ್ಚಿ ಭಜಿ ಅಂಗಡಿ ಮುಂದೆ ಅಪ್ಪ ನಿಂತ. ನಾನು ನೋಡಿದೆ. “ವಾಸನಿ ನೋಡಾಕರ ಬಿಡು ಯವ್ವಾ” ಅಂದ. ಅರ್ಧ ಭಜಿ ತಿಂದ. ಆ ದಿನ ರಾತ್ರಿ ಉಪ್ಪಿನ ಬಟ್ಟಲನ್ನು ಅವನೇ ಅವ್ವನ ಮುಂದೆ ಸರಿಸಿ, “ಇವತ್ತಿಂದು ನಂದು ಮುಗೀತು” ಅಂದ.

ಈಗ ದಿನಾ ಸಂಜೆ ಏಳಕ್ಕೆ ಫೋನ್ ಬರುತ್ತದೆ. ಮೊದಲು ನಾನು ಕೇಳುತ್ತಿದ್ದೆ, ಈಗ ಅವನೇ ಶುರು ಮಾಡುತ್ತಾನೆ.

“ಇವತ್ತ ನೂರಾ ಇಪ್ಪತ್ತೆಂಟು, ಎಂಬತ್ತು. ಗುಳಿಗಿ ತಗೊಂಡೀನಿ. ನಿಂದೆಷ್ಟು?”

ನನ್ನದು ಇನ್ನೂ ನೋಡಿಕೊಂಡಿರುವುದಿಲ್ಲ.

“ಆಮ್ಯಾಲ ನೋಡ್ಕೊಂತೀನಪ್ಪ, ಮೀಟಿಂಗ್ ಅದ.”

“ನಾನೂ ಹಂಗ ಅಂತಿದ್ದೆ” ಅನ್ನುತ್ತಾನೆ. “ಇಡಂಗಿಲ್ಲ ಫೋನ್. ನೋಡಿ ಹೇಳು.”